ಅಪ್ಪನ ಬಾಯಿಂದ ಬಂದ ಚಿಲುಮೆ

ತಪ್ಪಾಯಿತು, ಮನಸ್ಸಿನೊಳಗೆ ಆಡಿಕೊಳ್ಳುವುದಕ್ಕೂ ಹೆದರಿಕೆಯಾಗುವ ಮಾತು ಇದು, ಹೆತ್ತ ಅಪ್ಪನ ಬಾಯಿಯ ವಾಸನೆಯನ್ನು ಮಗನಾದವನು ಎಣಿಸಬಾರದು, ಬೀರಪ್ಪ ದೇವರು ಕ್ಷಮಿಸಲಿ — ಆದರೂ ಬರುತ್ತಿದೆ, ಪಡಸಾಲೆಯ ಆ ಗೋಡೆಯಿಂದ ನಾನು ನಿಂತ ಈ ಬಾಗಿಲವರೆಗೆ, ಹುಳಿ ಅಂಬಲಿಯ ಮೇಲೆ ತಂಬಾಕಿನ ಧೂಳು ಉದುರಿಸಿದಂಥ ವಾಸನೆ, ಅದರ ಹಿಂದೆ ಇನ್ನೊಂದು, ಸಿಹಿಯಾದದ್ದು, ಚೀಲದ ತಳದಲ್ಲಿ ಮರೆತ ಪೇರಲ ಹಣ್ಣಿನದು, ಆ ಸಿಹಿಯನ್ನೇ ನಾನು ತಾಳಲಾರೆ, ದವಾಖಾನೆಯಲ್ಲಿ ದಿನವೂ ಕೀವಿನ ಪಟ್ಟಿ ಬಿಚ್ಚುವವನು ನಾನು, ಹುಳ ಬಿದ್ದ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತೊಳೆದವನು, ಅಲ್ಲಿ ಮೂಗು ಮುಚ್ಚದವನು ಇಲ್ಲಿ, ನನ್ನ ಮನೆಯ ಕಂಬಳಿಯ ಮೇಲೆ ಕುಳಿತ ನನ್ನ ಅಪ್ಪನಿಂದ, ಬಾಗಿಲವರೆಗೆ ಸರಿದು ನಿಂತಿದ್ದೇನೆ. ಅಪ್ಪ ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದಾನೆ, ಬೆರಳ ತುದಿಗಳು ಡೊಳ್ಳಿನ ಕೋಲಿನ ತುದಿಯ ಹಾಗೆ ಉಬ್ಬಿವೆ, ಮೊದಲು ಹಾಗಿರಲಿಲ್ಲ, ಎದುರಿಗೆ ಹೂಲಿಯಿಂದ ಬಂದ ಅಮೋಘಸಿದ್ದಪ್ಪನವರು ಎಲೆಯಡಿಕೆ ದವಡೆಯಲ್ಲಿ ಒತ್ತಿಕೊಂಡು ಆ ಬೆರಳುಗಳನ್ನೇ ನೋಡುತ್ತಿದ್ದಾರೆ, ಸವದತ್ತಿಯ ಮೇಲೆ ಚಕ್ಕಡಿ ಹೊಡೆದುಕೊಂಡು ದಾರಿಯಲ್ಲಿ ರಾತ್ರಿ ಇಳಿದು ಬಿಸಿಲೇರುವ ಹೊತ್ತಿಗೆ ಬೈಲಹೊಂಗಲ ಮುಟ್ಟಿದವರು, ಪಕ್ಕದಲ್ಲಿ ಅವರ ಮಗ ಲಕ್ಕಪ್ಪ, ಹೊಸ ರುಮಾಲು, ಕಿವಿಯ ಹಿಂದೆ ಒಂದು ಬೀಡಿ, ಈ ಲಕ್ಕಪ್ಪನಿಗೇ ನನ್ನ ತಂಗಿ ಶಟ್ಟೆವ್ವನನ್ನು ಕೊಡುವುದು, ಕೊಡುವುದು ಅಂದರೆ ಇವರು ತೆಗೆದುಕೊಂಡರೆ, ಮೊದಲು ಬಂದ ಎರಡು ಮನೆಯವರು ಅಪ್ಪನ ಕೆಮ್ಮು ಕೇಳಿಯೇ ನೀರು ಕುಡಿಯದೆ ಎದ್ದುಹೋದರು, ಕ್ಷಯದ ಮನೆಯ ಹೆಣ್ಣು ಕ್ಷಯವನ್ನೇ ಉಡಿಯಲ್ಲಿ ಕಟ್ಟಿಕೊಂಡು ಬರುತ್ತಾಳೆ ಅಂತ ಓಣಿಯ ಮಾತು. ಇವತ್ತು ಇವರೂ ಎದ್ದರೆ ಮತ್ತೆ ಯಾರೂ ಬರುವುದಿಲ್ಲ. ನಮ್ಮ ಮಂದಿಯಲ್ಲಿ ಹೆಣ್ಣಿನ ಅಪ್ಪ ಹೊತ್ತಿಸಿದ ಚಿಲುಮೆಯನ್ನು ಗಂಡಿನ ಅಪ್ಪ ಸೇದಿದರೆ ಮಾತು ಆದಂತೆ, ಆಮೇಲೆ ಕೇಳುವುದೂ ಇಲ್ಲ ಹೇಳುವುದೂ ಇಲ್ಲ. ಒಂದೇ ಚಿಲುಮೆ, ಅದರ ಬುಡಕ್ಕೆ ಸುತ್ತಿದ ಒಂದೇ ಒದ್ದೆ ಬಟ್ಟೆ, ಎಲ್ಲರ ತುಟಿ ಅದರ ಮೇಲೆ.

ಆ ಬಟ್ಟೆ — ನೋಡಬಾರದು ಅಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತದೆ, ಅವ್ವನ ಹಳೆಯ ಸೀರೆಯ ಚೂರು, ಒಂದು ಕಾಲಕ್ಕೆ ಹಸಿರಿತ್ತು, ಈಗ ತಂಬಾಕಿನ ರಸ ಕುಡಿದು ಕಂದು, ಅಂಚಿನಲ್ಲಿ ಕಪ್ಪು, ಅಪ್ಪ ಅದನ್ನು ತಂಬಿಗೆಯ ನೀರಿನಲ್ಲಿ ಅದ್ದಿ ಎರಡು ಬೆರಳಿನಿಂದ ಹಿಂಡುತ್ತಾನೆ, ಹಿಂಡಿದ ನೀರು ಕೆಳಗೆ ಬೀಳುತ್ತದೆ, ಜೇಡಿಮಣ್ಣಿನ ನೆಲ ಅದನ್ನು ಹೀರಿಕೊಳ್ಳುತ್ತದೆ, ನಾಳೆ ಅವ್ವ ಅದರ ಮೇಲೆಯೇ ಸಗಣಿ ಸಾರಿಸುತ್ತಾಳೆ. ಕಫ ಕೊಯ್ಯುವುದಕ್ಕೆ ಹೊಗೆಯಂಥ ಮದ್ದಿಲ್ಲ ಎಂದು ಅಪ್ಪನಿಗೆ ಅವನ ಅಪ್ಪ ಹೇಳಿದ್ದನಂತೆ, ಕೆಮ್ಮು ಬಂದರೆ ಒಂದು ಚಿಲುಮೆ, ಕೆಮ್ಮು ಹೆಚ್ಚಾದರೆ ಎರಡು, ಉಮ್ಮತ್ತಿಯ ಎಲೆ ಒಣಗಿಸಿ ಬೆರೆಸಿಕೊಂಡರೆ ಇನ್ನೂ ಚಲೋ, ಅದನ್ನು ನಮ್ಮ ದವಾಖಾನೆಯಲ್ಲೂ ದಮ್ಮಿನವರಿಗೆ ಕೊಡುತ್ತೇವೆ, ನಗಬೇಕೋ ಅಳಬೇಕೋ, ಸರಕಾರದ ಎಲೆ, ಸರಕಾರದ ಹೊಗೆ. ರಾಯರು ಅಪ್ಪನ ಬರಿ ಎದೆಯ ಮೇಲೆ ಬೆರಳಿಟ್ಟು ಬಡಿದು ನೋಡಿದ ದಿನ ನಾನು ಪಕ್ಕದಲ್ಲೇ ದೀಪ ಹಿಡಿದು ನಿಂತಿದ್ದೆ, ಬಾಳಕೃಷ್ಣರಾಯರು, ನಮ್ಮ ದವಾಖಾನೆಯ ಡಾಕ್ಟರು, ಮುಂಬಯಿಯಲ್ಲಿ ಕಲಿತವರು, ಮೀಸೆಯ ತುದಿಯಲ್ಲಿ ಯಾವಾಗಲೂ ನಸ್ಯದ ಒಂದು ಕಂದು ಹನಿ, ಅದು ಬಿದ್ದೀತು ಬಿದ್ದೀತು ಎಂದು ನಾನು ಕಾಯುವುದು, ಬೀಳದೆ ಅಲ್ಲೇ ನಡುಗುವುದು, ಅದನ್ನು ಕಂಡರೂ ನನಗೆ ಹೇಸಿಗೆ, ಆದರೆ ಒಳ್ಳೆಯ ಮನುಷ್ಯ. ಒಂದು ಕಡೆ ಬಡಿದರೆ ಡೊಳ್ಳಿನ ದನಿ, ಇನ್ನೊಂದು ಕಡೆ ಬಡಿದರೆ ಗೋಡೆ. ರಾಯರು ಮತ್ತೆ ಬಡಿದರು, ಮತ್ತೆ ಗೋಡೆ. ಹೊರಗೆ ಕರೆದುಕೊಂಡು ಹೋಗಿ ಹೇಳಿದರು, ಯಮನಪ್ಪಾ, ಇದು ಕ್ಷಯ ಅಲ್ಲ ಅನಸ್ತದ ನನಗ, ಬೆಳಗಾವಿಗೆ ಕಫ ಕಳಿಸಿದ್ವಿ, ಸಣ್ಣದ ದೊಡ್ಡದ ಮಾಡಿ ತೋರಸೂ ದುರ್ಬೀನದಾಗ ಕ್ಷಯದ ಜಂತು ಕಾಣಲಿಲ್ಲ ಅಂತ ಬರದಾರ, ಸಂಜಿ ಜ್ವರಾನೂ ಇಲ್ಲ, ಒಳಗೊಂದು ಗಂಟು ಬೆಳದದ, ಅದು ದನಿ ನರಾ ಒತ್ತಲಿಕ್ಕೆ ಹತ್ತೇದ, ಅದಕ್ಕ ದನಿ ಹೋಗ್ಯದ. ನಾನು ಮೂರ್ಖನಂತೆ ಕೇಳಿದೆ, ಕೊಯ್ದು ತಗೀಲಿಕ್ಕೆ ಬರೂದಿಲ್ಲೇನ್ರಿ. ಅವರು ನಸ್ಯದ ಡಬ್ಬಿ ತೆಗೆದರು.

ಆಮೇಲೆ ರಾಯರು ಅಂದರು, ಹೆಂಗಸರ ಮೊಲೆಯಲ್ಲಿ ಗಂಟು ನೋಡಿದ್ದೇನೆ, ತಂಬಾಕು ಇಟ್ಟುಕೊಳ್ಳುವವರ ದವಡೆಯಲ್ಲಿ ಹುಣ್ಣು ನೋಡಿದ್ದೇನೆ, ಉಸಿರಾಡುವ ಪುಪ್ಪುಸದೊಳಗೆ ಇದೇ ಮೊದಲು, ಮುಂಬಯಿಯಲ್ಲಿ ಕಲಿಯುವಾಗ ಒಂದು ಗಾಜಿನ ಬರಣಿಯಲ್ಲಿ ಅಂಥದ್ದೊಂದನ್ನು ಇಟ್ಟಿದ್ದರಂತೆ, ಪರೀಕ್ಷೆಯಲ್ಲಿ ಕೇಳುವುದಿಲ್ಲ ಎಂದು ಯಾರೂ ಅದರ ಧೂಳು ಒರೆಸಿರಲಿಲ್ಲವಂತೆ. ಅಷ್ಟು ಅಪರೂಪದ್ದು. ಲಕ್ಷಕ್ಕೆ ಒಬ್ಬನಿಗೋ ಎಷ್ಟಕ್ಕೋ. ಲಕ್ಷ ಅಂದರೆ ಎಷ್ಟು ಎಂದು ನಾನು ರಾತ್ರಿ ಸಾಲೆಯಲ್ಲಿ ಕಲಿತಿದ್ದೇನೆ, ಧರ್ಮಶಾಲೆಯ ಕಟ್ಟೆಯ ಮೇಲೆ ಕಂದೀಲಿನ ಬೆಳಕಿನಲ್ಲಿ ಮಾಸ್ತರರು ಸೊನ್ನೆಗಳನ್ನು ಬರೆಸುತ್ತಿದ್ದರು, ದವಾಖಾನೆಯ ಕೆಲಸ ಮುಗಿಸಿ ಕೈ ತೊಳೆದುಕೊಂಡು ಹೋಗಿ ಕೂಡುತ್ತಿದ್ದೆ, ಸುತ್ತಲಿನವರು ಕಾರ್ಬಾಲಿಕ್ ಮದ್ದಿನ ನಾತಕ್ಕೆ ಸರಿದು ಕೂಡುತ್ತಿದ್ದರು, ಅಕ್ಷರ ಬಂತು, ಲೆಕ್ಕ ಬಂತು, ಧೈರ್ಯ ಬರಲಿಲ್ಲ, ಅರ್ಧ ಕಲಿತವನಿಗೆ ಎಲ್ಲದರ ಮೇಲೂ ಸಂಶಯ. ಲಕ್ಷದಲ್ಲಿ ಒಬ್ಬ ನನ್ನ ಅಪ್ಪನೇ ಯಾಕೆ? ಮತ್ತೆ ರಾಯರು ಹೇಳಿದ ಮೇಲೆ ನನಗೆ ಕಾಣತೊಡಗಿದವಲ್ಲ, ಅವು ಏನು — ಕಿತ್ತೂರಿನಿಂದ ಬಂದ ಆ ನಸ್ಯ ಕುಟ್ಟುವವನು, ದನಿ ಹೋಗಿತ್ತು, ಕುತ್ತಿಗೆಯ ನರಗಳು ಹಗ್ಗದ ಹಾಗೆ ಎದ್ದಿದ್ದವು, ಕ್ಷಯವೆಂದು ಮೀನೆಣ್ಣೆ ಕೊಟ್ಟು ಕಳಿಸಿದೆವು. ಸುರೇಬಾನದ ಆ ಮುದುಕಿ, ಶಟ್ಟೆವ್ವ, ನನ್ನ ತಂಗಿಯದೇ ಹೆಸರು ಎಂದು ನೆನಪುಳಿದಿದೆ, ಚಿಲುಮೆಯನ್ನು ಕೈಯಿಂದಲೂ ಮುಟ್ಟಿದವಳಲ್ಲ, ಹಸಿ ಜಾಲಿ ಉರಿಸಿ ಒಲೆ ಊದಿದ್ದೇ ಅವಳ ಜನ್ಮ, ಅವಳ ಬೆರಳೂ ಹೀಗೇ ಡೊಳ್ಳಿನ ಕೋಲು, ಅವಳನ್ನೂ ಕ್ಷಯ ಅಂದೆವು. ಹಾಗಾದರೆ ಇದು ಅಪರೂಪವೋ, ಅಥವಾ ನಾವು ನೋಡಲಿಲ್ಲವೋ? ಊರೂರ ಚಾವಡಿಯಲ್ಲಿ ಸತ್ತವರನ್ನು ಬರೆಸುವವನು ತಳವಾರ, ಬರೆಯುವವರು ಕುಲಕರ್ಣಿ, ಏನಾಗಿತ್ತೋ ಅಂದರೆ ಜ್ವರ ಅನ್ನುತ್ತಾನೆ, ಗಿಡದಿಂದ ಬಿದ್ದು ಸತ್ತವನಿಗೂ ಸಾಯುವಾಗ ಮೈ ಬಿಸಿ ಇತ್ತಲ್ಲ, ದಫ್ತರದ ಹಾಳೆಯಲ್ಲಿ ಪ್ಲೇಗಿಗೆ ಒಂದು ಮನೆ, ಕಾಲರಾಕ್ಕೆ ಒಂದು ಮನೆ, ಸಿಡುಬಿಗೆ ಒಂದು ಮನೆ, ಉಳಿದದ್ದೆಲ್ಲ ಜ್ವರದ ಮನೆಗೆ, ಈ ಗಂಟಿಗೆ ಒಂದು ಮನೆಯೇ ಇಲ್ಲ, ಮನೆಯಿಲ್ಲದ್ದು ಹೆಚ್ಚಾಯಿತೋ ಕಡಿಮೆಯಾಯಿತೋ ಯಾರು ಹೇಳಬೇಕು. ರಾಯರನ್ನು ಕೇಳಿದ್ದೆ, ಸಾಹೇಬ್ರ, ಇದು ಹೆಚ್ಚಾಗಾಕ ಹತ್ತೇತೇನ್ರಿ. ಅವರು ಅಂದರು, ವಿಲಾಯತಿಯವರು ಹಂಗ ಅನ್ನಲಿಕ್ಕೆ ಹತ್ಯಾರ, ಹೆಣಾ ಕೊಯ್ಯೂದು ಹೆಚ್ಚಾಗ್ಯದ ಅದಕ್ಕ ಕಾಣಸ್ತದ ಅಂತ ಕೆಲವರು, ಇಲ್ಲ ಖರೇನ ಹೆಚ್ಚಾಗ್ಯದ ಅಂತ ಕೆಲವರು, ನನಗ ತಿಳೀದು ಯಮನಪ್ಪಾ. ಡಾಕ್ಟರಿಗೇ ತಿಳಿಯದು. ಅರಳೆ ಪೇಟೆಯಲ್ಲಿ ಹುಡುಗರು ಈಗ ಚಿಲುಮೆ ಬಿಟ್ಟು ಬೀಡಿ, ಬೀಡಿ ಬಿಟ್ಟು ಕಾಗದದ ಬೀಡಿ, ಚಿಲುಮೆಗೆ ನಾಲ್ಕು ಮಂದಿ ಕೂಡಬೇಕು, ಬೆಂಕಿ ಬೇಕು, ನೀರು ಬೇಕು, ಬೀಡಿಗೆ ಯಾರೂ ಬೇಕಿಲ್ಲ, ನಡೆಯುತ್ತಲೂ ಸೇದುತ್ತಾರೆ, ಕಕ್ಕಸಿನಲ್ಲೂ ಸೇದುತ್ತಾರೆ, ಉಗುಳಿ ಮುಂದೆ ಹೋಗುತ್ತಾರೆ — ಹೊಗೆಗೂ ಗಂಟಿಗೂ ಏನು ಸಂಬಂಧ, ನಾನು ಯಾವ ಪಂಡಿತ, ಆದರೆ ಕಿತ್ತೂರಿನವನೂ ಹೊಗೆಸೊಪ್ಪಿನವನು, ಅಪ್ಪನೂ, ಆ ಮುದುಕಿಯದು ಒಲೆಯ ಹೊಗೆ, ಆದರೆ ಈ ಸೀಮೆಯಲ್ಲಿ ಹೊಗೆ ಕುಡಿಯದವನು ಯಾರಿದ್ದಾನೆ, ಎಲ್ಲರಿಗೂ ಇದ್ದದ್ದು ಯಾವುದಕ್ಕೂ ಕಾರಣವಾಗಿ ಕಾಣುವುದಿಲ್ಲ.

ಅಪ್ಪ ಕೆಮ್ಮಿದ. ತಡೆದುಕೊಂಡ ಕೆಮ್ಮು, ಬಾಯಿ ಮುಚ್ಚಿ ಮೂಗಿನಿಂದ ಬಿಟ್ಟದ್ದು, ಹೂಲಿಯವರ ಕೈ ಮಂಡಕ್ಕಿಯ ತಾಟಿನ ಮೇಲೆ ನಿಂತಿತು. ಬೂದಿ ತುಂಬಿದ ಗಡಿಗೆಯನ್ನು ಅವ್ವ ಬೆಳಗಿನಲ್ಲೇ ಹಿತ್ತಲಿಗೆ ಒಯ್ದಿಟ್ಟಿದ್ದಾಳೆ, ಅವರ ಕಣ್ಣಿಗೆ ಬೀಳಬಾರದೆಂದು, ಈಗ ಅಪ್ಪ ಎಲ್ಲಿ ಉಗುಳುತ್ತಾನೆ, ನುಂಗುತ್ತಾನೆ, ಗಂಟಲು ಮೇಲೆ ಹೋಗಿ ಕೆಳಗೆ ಬಂತು, ನನ್ನ ಗಂಟಲೂ ಅದರ ಜೊತೆ ಮೇಲೆ ಹೋಗಿ ಕೆಳಗೆ ಬಂತು, ಥೂ. ದಿನವೂ ಬೆಳಿಗ್ಗೆ ಆ ಗಡಿಗೆಯ ಬೂದಿಯನ್ನು ಹೂಳುವವನು ನಾನು, ಬೂದಿಯ ಮೇಲೆ ಬಿಳಿ ಲೋಳೆ, ಲೋಳೆಯಲ್ಲಿ ಒಂದು ಕೆಂಪು ಎಳೆ, ಒಂದು ದಿನ ಇರುತ್ತದೆ, ನಾಲ್ಕು ದಿನ ಇರುವುದಿಲ್ಲ, ಇಲ್ಲದ ದಿನ ನಾನು ಸಂತೋಷಪಟ್ಟು ಹೆಚ್ಚು ರೊಟ್ಟಿ ತಿನ್ನುತ್ತೇನೆ, ಇದ್ದ ದಿನ ಬೆಲ್ಲವೂ ಬೇಡ. ಅಪ್ಪನ ತಾಟು ಬೇರೆ, ಅಪ್ಪನ ತಂಬಿಗೆ ಬೇರೆ, ನಾನೇ ಬೇರೆ ಮಾಡಿಸಿದ್ದು, ಕ್ಷಯವಲ್ಲ ಎಂದು ರಾಯರು ಹೇಳಿದ ಮೇಲೂ ನಾನು ಒಂದು ಮಾಡಿಸಲಿಲ್ಲ, ಅವ್ವ ಕೇಳಿದಳು, ಅಲ್ಲಂತ ಅಂದರಲ್ಲೋ, ಮತ್ಯಾಕ ಅವರ ಗಂಗಾಳ ಬ್ಯಾರೆ ಇಡಸ್ತಿ. ಇರಲಿ ಬೇ, ಚಲೋದು ಅಂದೆ. ಏನು ಚಲೋದು. ಇವತ್ತು ಮಾತ್ರ ಅವನ್ನು ನಮ್ಮವುಗಳ ಸಾಲಿನಲ್ಲಿ ಹೊಂದಿಸಿ ಇಟ್ಟಿದ್ದಾಳೆ ಬಾಯವ್ವ, ನನ್ನವ್ವ, ಹೊಸದಾಗಿ ಬೆಳಗಿ, ಯಾವುದು ಅಪ್ಪನದು ಎಂದು ನನಗೂ ತಿಳಿಯದ ಹಾಗೆ, ಮುಂಜಾನೆ ನಾನು ನೀರು ಕುಡಿದ ತಂಬಿಗೆ ಯಾವುದೋ. ಮೂಲೆಮನೆಯ ಸುಂದರವ್ವ ಕಳೆದ ವರ್ಷದಿಂದ ನಮ್ಮಲ್ಲಿ ಮಜ್ಜಿಗೆ ಒಯ್ಯುವುದನ್ನು ಬಿಟ್ಟಿದ್ದಾಳೆ, ಬಾಯಲ್ಲಿ ಮಾತ್ರ ಏನವ್ವಾ ಬಾಯವ್ವಾ ಅರಾಮ ಅದೀರಿ ಅನ್ನುತ್ತಾಳೆ, ಸೆರಗನ್ನು ಮೂಗಿನವರೆಗೂ ಎಳೆದುಕೊಂಡು, ಅವಳ ತವರು ಹೂಲಿಯ ಹತ್ತಿರ, ಇವರ ಕಿವಿಗೆ ಹಾಕಿದವಳು ಅವಳೇ ಇರಬೇಕು, ಅವಳ ಮೇಲೆ ನನಗೆ ಹೇಸಿಗೆ, ಆದರೆ ನಾನೂ ಅವಳೂ ಒಂದೇ ಅಲ್ಲವೇ, ಅವಳು ಸೆರಗು ಎಳೆಯುತ್ತಾಳೆ, ನಾನು ತಾಟು ಬೇರೆ ಇಡುತ್ತೇನೆ. ನಿನ್ನೆ ಸಂಜೆ ಅಪ್ಪ ಹತ್ತಿರ ಕರೆದ, ಕರೆಯುವುದೇನು, ಕೈ ಸನ್ನೆ, ದನಿ ಅನ್ನುವುದು ಜೋಳದ ಹೊಟ್ಟು ಉಜ್ಜಿದ ಹಾಗೆ ಇದೆ, ಹಳ್ಳದ ಆಚೆಯಿಂದ ಕುರಿ ಕರೆಯುತ್ತಿದ್ದ ದನಿ ಅದು, ನಮ್ಮ ಅಪ್ಪ ಮುದಕಪ್ಪ ಹೂಯ್ ಅಂದರೆ ಬೇರೆಯವರ ಕುರಿಗಳೂ ತಿರುಗಿ ಬರುತ್ತಿದ್ದವು — ಹತ್ತಿರ ಕರೆದು ಅಂದ, ನಾಳಿ ಅವರು ನಿನ್ನ ಕೇಳತಾರ, ನೀ ದವಾಖಾನಿಯಾವ, ಗೊತ್ತಿದ್ದಷ್ಟ ಹೇಳು, ಗೊತ್ತಿಲ್ಲದ್ದು ನನ್ನ ಜೋಡಿ ಮಣ್ಣಿಗೆ ಬರಲಿ. ನಾನು ಉಸಿರು ಹಿಡಿದುಕೊಂಡೇ ಕೇಳಿದೆ, ವಾಸನೆಗೆ, ಅದನ್ನು ಅವನು ಕಂಡ. ಕಂಡು ಮುಖ ಆ ಕಡೆ ತಿರುಗಿಸಿಕೊಂಡ, ನನಗೆ ಅನುಕೂಲ ಆಗಲಿ ಎಂದು.

ಚಕಮಕಿ ಕುಟ್ಟಿದ ಸದ್ದು. ಅರಳೆಗೆ ಕಿಡಿ ಹತ್ತಿತು, ಅಪ್ಪ ಎರಡೂ ಕೈ ಕೂಡಿಸಿ ಚಿಲುಮೆಯನ್ನು ನಿಲ್ಲಿಸಿಕೊಂಡ, ಬಟ್ಟೆಯ ಮೇಲೆ ತುಟಿ ಇಟ್ಟ, ಕೆನ್ನೆ ಒಳಗೆ ಹೋದವು, ಎಳೆಯುವುದಕ್ಕೆ ಉಸಿರು ಸಾಲದು, ಆದರೂ ಎಳೆದ, ಕೆಂಡ ಕಣ್ಣು ಬಿಟ್ಟಿತು, ಹೊಗೆ ಮೂಗಿನಲ್ಲಿ ಬಂತು, ಕೆಮ್ಮು ಬರಲಿಲ್ಲ, ಬಾರದಂತೆ ಅವನು ಎಷ್ಟು ಹಿಡಿದಿದ್ದಾನೆ ಎಂಬುದು ಕುತ್ತಿಗೆಯ ನರಕ್ಕೆ ಗೊತ್ತು. ಚಿಲುಮೆಯನ್ನು ಅಮೋಘಸಿದ್ದಪ್ಪನವರ ಕಡೆ ನೀಡಿದ. ಅವರು ತೆಗೆದುಕೊಳ್ಳಲಿಲ್ಲ. ದವಡೆ ಬದಲಿಸಿದರು, ಎಲೆಯಡಿಕೆಯ ಕೆಂಪು ತುಟಿಯ ಕೊನೆಯಲ್ಲಿ ಇಳಿಯಿತು, ಮುಂಗೈಯಿಂದ ಒರೆಸಿಕೊಂಡರು, ಅದು ಕೂಡ ನನ್ನ ಕಣ್ಣಿಗೆ ಬೇಕಿರಲಿಲ್ಲ. ಹಿರಿಯಾರ ಮಾತ ಹಿರಿಯಾರಿಗೆ ಇರಲಿ ಮುದಕಪ್ಪಾ, ನಿನ್ನ ಮಗ್ಗ ಒಂದ ಮಾತ ಕೇಳತೇನಿ, ಸಿಟ್ಟ ಆಗಬ್ಯಾಡ, ಅಂದು ನನ್ನ ಕಡೆ ತಿರುಗಿದರು, ತಮ್ಮಾ, ನೀ ದವಾಖಾನಿಯಾಗ ಅದಿ, ನಾಕ ಅಕ್ಷರ ಕಲತಾವ, ನಮ್ಮೂರಾಗ ಮಂದಿ ಬಾಯಿಗೆ ಬಂದಂಗ ಅಂತಾರ, ನಿಮ್ಮಪ್ಪಗ ಕ್ಷಯಾ ಐತೋ ಇಲ್ಲೋ. ಬಾಗಿಲ ಹಿಂದೆ ಬಳೆ ಸದ್ದು ನಿಂತಿತು, ಶಟ್ಟೆವ್ವ ಅಲ್ಲಿದ್ದಾಳೆ, ಇಷ್ಟು ಹೊತ್ತು ಬಳೆ ಸದ್ದಾಗುತ್ತಿತ್ತು ಎಂಬುದು ನಿಂತ ಮೇಲೆ ನನಗೆ ತಿಳಿಯಿತು. ಇಲ್ಲರಿ, ಕ್ಷಯಾ ಅಲ್ಲ, ಡಾಕ್ಟರ ನೋಡ್ಯಾರ, ಬೆಳಗಾವಿಗೆ ಕಫ ಕಳಿಸಿ ತಪಾಸ ಮಾಡಿಸ್ಯಾರ, ಜಂತು ಇಲ್ಲ ಅಂತ ಬಂದೈತ್ರಿ, ಅಂದೆ. ಹಂಗಾರ ಏನದು, ಅಂದರು ಅವರು. ಎದಿಯಾಗ ಒಂದ ಗಂಟ ಐತಿ ಅಂತಾರ್ರಿ, ಅದು ಒಬ್ಬರಿಂದ ಒಬ್ಬರಿಗೆ ಬರೂದಲ್ಲ. ಎದಿಯಾಗ ಗಂಟಾ, ಅವರು ನಕ್ಕರು, ನಮ್ಮಪ್ಪನ ಕಾಲದಿಂದ ಕೇಳಿಲ್ಲ, ಕೊಳ್ಳಾಗ ಕೇಳೇವಿ, ಹೊಟ್ಟ್ಯಾಗ ಕೇಳೇವಿ, ಎದಿಯಾಗ ಗಂಟ ಅಂದ್ರ ಅದು ಜಿಪುಣರಿಗೆ ಇರತೈತಿ. ಎಲ್ಲರೂ ನಕ್ಕರು, ಅಪ್ಪನೂ, ದನಿಯಿಲ್ಲದೆ, ಭುಜ ಮಾತ್ರ ಅಲುಗಿದವು. ನಾನು ಹೇಳಿದ್ದು ಸುಳ್ಳಲ್ಲ. ರಾಯರು ಅನಸ್ತದ ಅಂದಿದ್ದರು, ನಾನು ಆ ಅನ್ನಿಸುವುದನ್ನು ಬಿಟ್ಟೆ. ದುರ್ಬೀನಿನಲ್ಲಿ ಕಾಣದಿದ್ದರೆ ಇಲ್ಲವೆಂದೇ ಅರ್ಥವೇನ್ರಿ ಎಂದು ನಾನು ಕೇಳಿದಾಗ ಅವರು, ಹಂಗೇನಿಲ್ಲ, ಆ ದಿನದ ಆ ಒಂದು ಉಗುಳಿನ್ಯಾಗ ಕಾಣಲಿಲ್ಲ ಅಷ್ಟ, ಅಂದಿದ್ದರು, ಅದನ್ನೂ ಬಿಟ್ಟೆ. ಹೇಳಿದ್ದಷ್ಟೂ ಖರೆ, ಬಿಟ್ಟದ್ದೂ ಖರೆ.

ಅಮೋಘಸಿದ್ದಪ್ಪನವರ ನಗು ತುಟಿಯಲ್ಲಿ ಉಳಿದಿತ್ತು, ಕಣ್ಣಿನಲ್ಲಿ ಇರಲಿಲ್ಲ. ಚಿಲುಮೆ ಇನ್ನೂ ಅಪ್ಪನ ಕೈಯಲ್ಲಿ ಗಾಳಿಯಲ್ಲೇ ನಿಂತಿದೆ, ಕೆಂಡದ ಮೇಲೆ ಬೂದಿ ಕೂಡುತ್ತಿದೆ. ಡಾಕ್ಟರ ಮಾತ ಕಿವಿಗೆ ಛಲೋ ತಮ್ಮಾ, ಅಂದರು ಅವರು, ಚಿಲುಮಿ ಇರೂದು ಬಾಯಿಗೆ. ನೀ ಬಲ್ಲಾವ, ನೀ ಮೊದಲ ಸೇದು, ನಿನ್ನ ಹಿಂದ ನಾ ಸೇದತೇನಿ. ಅಷ್ಟೇ. ಇಷ್ಟು ಸುಲಭವಾದದ್ದು ನನಗೆ ಹೊಳೆದಿರಲಿಲ್ಲ, ಏನು ಕೇಳುತ್ತಾರೆ ಏನು ಹೇಳಬೇಕು ಎಂದು ವಾರದಿಂದ ಬಾಯಿಪಾಠ ಮಾಡಿದ್ದೆ, ಇವರು ಮಾತಿಗೆ ಕೈಯನ್ನೇ ಹಚ್ಚಲಿಲ್ಲ. ನಾನು ಚಿಲುಮೆ ಸೇದುವವನಲ್ಲ, ಎಂದೂ ಸೇದಿಲ್ಲ, ಅದು ಇವರಿಗೆ ಗೊತ್ತಿಲ್ಲ, ಅಪ್ಪನಿಗೆ ಗೊತ್ತು, ಅಪ್ಪ ನನ್ನ ಕಡೆ ನೋಡಲಿಲ್ಲ, ಚಿಲುಮೆಯನ್ನು ನನ್ನ ಕಡೆ ತಿರುಗಿಸಿದ, ಬಟ್ಟೆ ನನ್ನ ಕಡೆಗೆ. ಒದ್ದೆ. ಈಗಷ್ಟೇ ತುಟಿ ಬಿಟ್ಟದ್ದು, ತುಟಿಯ ಬಿಸಿ ಇದ್ದೇ ಇದೆ, ಕಂದು ಬಟ್ಟೆಯ ಮಡಿಕೆಗಳಲ್ಲಿ ಏನೋ ಮಿನುಗುತ್ತದೆ, ನೀರೋ ಉಗುಳೋ, ನೋಡಬೇಕು, ಕೆಂಪು ಎಳೆ ಇದೆಯೋ ಇಲ್ಲವೋ ನೋಡಿದರೆ ತಿಳಿಯುತ್ತದೆ, ನೋಡಿದರೆ ನನ್ನ ಕೈಲಿ ಆಗುವುದಿಲ್ಲ, ಎಲ್ಲರ ಕಣ್ಣೂ ನನ್ನ ತುಟಿಯ ಮೇಲೆ, ಬಾಗಿಲ ಹಿಂದೆ ಬಳೆ ಸದ್ದಿಲ್ಲ, ಅವಳು ಕೂಸಾಗಿದ್ದಾಗ ನನ್ನ ಬೆನ್ನ ಮೇಲೆ ಜೊಲ್ಲು ಸುರಿಸಿಕೊಂಡು ಮಲಗುತ್ತಿದ್ದಳು, ಅದಕ್ಕೆ ನನಗೆ ಹೇಸಿಗೆ ಇರಲಿಲ್ಲ, ಹೇಸಿಗೆ ಯಾವಾಗ ಬಂತು, ಜಂತು ಎಂಬ ಶಬ್ದ ಕಲಿತ ಮೇಲೆ ಬಂತು. ಕಣ್ಣು ಮುಚ್ಚಿದೆ. ಬಾಯಿ ಇಟ್ಟೆ.

ಕಹಿ, ಮೊದಲು ಕಹಿ, ಆಮೇಲೆ ಉಪ್ಪು, ಆಮೇಲೆ ಆ ಸಿಹಿ, ಪೇರಲ ಹಣ್ಣಿನ ಸಿಹಿ, ಈಗ ಮೂಗಿನಲ್ಲಿ ಅಲ್ಲ, ನಾಲಗೆಯ ಮೇಲೆ, ಬಟ್ಟೆ ಮೆತ್ತಗೆ ಇದೆ, ನಾಲಗೆಯ ಹಾಗೆ ಮೆತ್ತಗೆ, ಎಳೆಯಬೇಕು, ಎಳೆದೆ, ಹೊಗೆ ಗಂಟಲಿಗೆ ಮುಳ್ಳಿನ ಕಟ್ಟಿಗೆಯಂತೆ ತುರುಕಿಕೊಂಡಿತು, ಕಣ್ಣಲ್ಲಿ ನೀರು, ಕೆಮ್ಮಬಾರದು, ಈ ಮನೆಯಲ್ಲಿ ಇವತ್ತು ಯಾರೂ ಕೆಮ್ಮಬಾರದು, ಹೊಟ್ಟೆಯೊಳಗಿಂದ ಮುಂಜಾನೆಯ ರೊಟ್ಟಿ ಎದ್ದು ಬಾಗಿಲಿಗೆ ಬಂದು ನಿಂತಿದೆ, ನುಂಗಿದೆ, ಅಪ್ಪ ನುಂಗಿದ ಹಾಗೆ ನುಂಗಿದೆ. ಕಣ್ಣು ತೆರೆದಾಗ ಅಪ್ಪ ನನ್ನನ್ನು ನೋಡುತ್ತಿದ್ದ. ಆ ನೋಟದಲ್ಲಿ ಉಪಕಾರ ಇರಲಿಲ್ಲ, ಸಂತೋಷ ಇರಲಿಲ್ಲ, ನಾಚಿಕೆ ಇತ್ತು, ನನ್ನ ಬಾಯಿಗೆ ತನ್ನ ಎಂಜಲನ್ನು ಹಾಕಿದವನ ನಾಚಿಕೆ. ಶಹಬ್ಬಾಸ, ಅಂದರು ಅಮೋಘಸಿದ್ದಪ್ಪನವರು, ಕೈ ಚಾಚಿ ತಾವೇ ತೆಗೆದುಕೊಂಡರು, ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ದೂಡಿ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ಎಳೆದರು, ಒಮ್ಮೆ ಎಳೆದರು, ಇನ್ನೊಮ್ಮೆ ಎಳೆದರು, ಹೊಗೆಯನ್ನು ಮಾಡಿನ ಕಡೆ ಬಿಟ್ಟು, ಇನ್ನ ನಾವು ನೀವು ಒಂದ ಆದಿವಿ ಮುದಕಪ್ಪಾ, ಅಂದರು, ಬಾಗಿಲ ಹಿಂದೆ ಬಳೆಗಳು ಗಲ್ಲೆಂದು ಓಡಿಹೋದವು, ಮುಗಿಯಿತು, ಗೆದ್ದೆವು, ಇಷ್ಟೇ ಇತ್ತೇ ಅಂದುಕೊಂಡೆ, ಅಷ್ಟರಲ್ಲಿ ಅವರು ಚಿಲುಮೆಯನ್ನು ಲಕ್ಕಪ್ಪನ ಕಡೆ ತಿರುಗಿಸಿದರು. ಲಕ್ಕಪ್ಪ ಕಿವಿಯ ಹಿಂದಿನ ಬೀಡಿಗೆ ಕೈ ಹಾಕಿ, ನನಗ ಇದ ಐತೆಪಾ, ಅಂದ. ಬೀಗತನ ಬೀಡಿಯಿಂದ ಕೂಡೂದಿಲ್ಲ ಮಗನ, ತಗೋ, ಮಾವನ ಮನಿ ಚಿಲುಮಿ.

ಬೇಡ ಅನ್ನು, ಲಕ್ಕಪ್ಪಾ, ಇನ್ನೊಮ್ಮೆ ಬೇಡ ಅನ್ನು, ಬೀಡಿ ಸೇದು, ಕಾಗದದ ಬೀಡಿ ಸೇದು — ನಾನು ನನ್ನ ಬಾಯಿಯೊಂದನ್ನೇ ಲೆಕ್ಕ ಹಾಕಿದ್ದೆ, ನನಗೆ ಬಂದರೆ ನನಗೆ ಬರಲಿ ಎಂದು, ದೊಡ್ಡ ಧೀರನ ಹಾಗೆ ಕಣ್ಣು ಮುಚ್ಚಿದೆ, ಇದು ತಿರುಗುತ್ತದೆ ಎಂಬುದನ್ನು ಮರೆತೆ, ಚಿಲುಮೆ ಇರುವುದೇ ತಿರುಗುವುದಕ್ಕೆ, ಹುಟ್ಟಿದಾಗಿನಿಂದ ನೋಡಿದ್ದೇನೆ. ಗಂಟಾಗಿದ್ದರೆ ಏನೂ ಇಲ್ಲ, ರಾಯರ ಮಾತು ನಿಜವಾಗಿದ್ದರೆ ಇವನು ಇದನ್ನು ನೂರು ಸಲ ಸೇದಲಿ. ಇಲ್ಲದಿದ್ದರೆ, ಆ ಒಂದು ಉಗುಳಿನಲ್ಲಿ ಕಾಣದ್ದು ಇದರಲ್ಲಿ ಇದ್ದರೆ, ಇವನಿಗೆ, ಇವನಿಂದ ಶಟ್ಟೆವ್ವನಿಗೆ, ಅವಳನ್ನು ದಡ ಮುಟ್ಟಿಸಿದ ಕೈಯಿಂದಲೇ ನಾನು ಅವಳನ್ನು — ತಡೀರಿ, ಅಂದೆ. ನನ್ನ ದನಿಯೇ. ಎಲ್ಲರೂ ತಿರುಗಿದರು. ಅರಿವಿ ಬಾಳ ಹಳೇದಾಗೇತ್ರಿ, ಬದಲಿ ಮಾಡಿ ಕೊಡತೇನಿ. ಅಮೋಘಸಿದ್ದಪ್ಪನವರ ದವಡೆ ಅಗಿಯುವುದನ್ನು ನಿಲ್ಲಿಸಿತು. ನಾನು ಸೇದಿದಾಗ ಹಳೇದಿರಲಿಲ್ಲ, ಅವರು ಸೇದಿದಾಗ ಹಳೇದಿರಲಿಲ್ಲ, ಈಗ ಹಳೇದಾಯಿತು — ಅವರ ಕಣ್ಣಿನಲ್ಲಿ ಅದನ್ನು ಓದುವುದಕ್ಕೆ ಯಾವ ಸಾಲೆಯೂ ಬೇಕಿರಲಿಲ್ಲ. ಕೆಡಿಸಿದೆ. ಎಲ್ಲಾ ಕೆಡಿಸಿದೆ. ಆಗ ಅಪ್ಪ, ಹೊಟ್ಟು ಉಜ್ಜಿದ ದನಿಯಲ್ಲಿ, ಎಲ್ಲರೂ ಮುಂದೆ ಬಾಗಿ ಕೇಳುವ ಹಾಗೆ, ಬೀಗರ, ನನ್ನ ಮಗಗ ದವಾಖಾನಿಯಾಗ ಕೈ ತೊಳದು ತೊಳದು ಹುಚ್ಚ ಹಿಡದೈತಿ, ಕಂಡದ್ದೆಲ್ಲಾ ತೊಳೀತಾನ, ಅವರವ್ವ ಬಡದ ರೊಟ್ಟಿ ಅಷ್ಟ ಉಳದೈತಿ, ನಾಳಿ ಅದನ್ನೂ ತೊಳದು ತಿಂತಾನ. ಆಮೇಲೆ ಅಮೋಘಸಿದ್ದಪ್ಪನವರ ಹೊಟ್ಟೆ ಕುಣಿಯಿತು, ನಗು ಮಾಡಿಗೆ ಬಡಿಯಿತು, ತೊಳಿಯೋ ತಮ್ಮಾ ತೊಳಿ, ನಮ್ಮ ಲಕ್ಕ್ಯಾನ ಮಾರಿ ಒಂದ ಸ್ವಲ್ಪ ತೊಳದು ಕೊಡು, ಅಂದು ಚಿಲುಮೆಯನ್ನು ನನ್ನ ಕೈಗೆ ಕೊಟ್ಟರು. ಅಪ್ಪನ ಹಣೆಯಲ್ಲಿ ಬೆವರು. ಅಷ್ಟು ಮಾತನ್ನು ಅವನು ಒಂದೇ ಉಸಿರಿನಲ್ಲಿ ಆಡಿ ಎಷ್ಟೋ ತಿಂಗಳಾಗಿತ್ತು. ಗೊತ್ತಿದ್ದಷ್ಟು ಹೇಳು ಅಂದವನು, ಅವನಿಗೆ ಎಷ್ಟು ಗೊತ್ತಿತ್ತೋ.

ಒಳಗೆ ಅವ್ವ ಕೇಳದೆಯೇ ತನ್ನ ಸೀರೆಯ ಚೂರನ್ನು ಹರಿದು ಕೈಗಿಟ್ಟಳು, ನೀರಿನಲ್ಲಿ ಅದ್ದಿ, ಹಿಂಡಿ, ಚಿಲುಮೆಯ ಬುಡಕ್ಕೆ ಸುತ್ತಿ ಹೊರಗೆ ಕೊಟ್ಟು ಬಂದೆ, ಬಟ್ಟೆ ಹೊಸದು, ಮಣ್ಣು ಹಳೆಯದು, ಒಳಗೆ ತಂಬಾಕು ತಡೆಯುವ ಹರಳು ಹಳೆಯದು, ಮಣ್ಣು ಎಷ್ಟು ಹೀರಿಕೊಂಡಿದೆ, ಕೆಂಡದ ಬಿಸಿಗೆ ಜಂತು ಸಾಯುತ್ತವೋ ಇಲ್ಲವೋ, ರಾಯರನ್ನು ಕೇಳಬೇಕು, ರಾಯರು ಡಬ್ಬಿ ತೆಗೆಯುತ್ತಾರೆ. ಹೊರಗೆ ಲಕ್ಕಪ್ಪ ಎಳೆದಿರಬೇಕು, ಒಮ್ಮೆಲೇ ಕೆಮ್ಮಿದ, ಎಳೆಯ ಎದೆಯ ಕೆಮ್ಮು, ಅವನ ಅಪ್ಪ ಬೀಡಿಯವ್ರಿಗೆ ಇದು ಇಳಿಯೂದಿಲ್ಲ ಅಂತ ಚೇಷ್ಟೆ ಮಾಡುತ್ತಿದ್ದಾರೆ, ಕಾರ್ತಿಕ ಕಳೆದ ಮೇಲೆ ಇಟ್ಟುಕೊಳ್ಳೋಣ ಅನ್ನುತ್ತಿದ್ದಾರೆ, ಅವ್ವ ಒಲೆಯ ಮುಂದೆ ಕುಳಿತು ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಾಳೆ, ನಾನು ಬಚ್ಚಲಲ್ಲಿ ನಿಂತಿದ್ದೇನೆ, ಬಾಯಿ ತೊಳೆದುಕೊಂಡೆ, ಮತ್ತೆ ತೊಳೆದುಕೊಂಡೆ, ಬೂದಿ ಹಚ್ಚಿ ತಿಕ್ಕಿದೆ, ಸಿಹಿ ಹೋಗದು, ಎಡಗೈಯಲ್ಲಿ ಹಳೆಯ ಬಟ್ಟೆ ಇನ್ನೂ ಇದೆ, ಸುಡಬೇಕು, ಸುಡುವುದಕ್ಕೆ ಮೊದಲು ಒಮ್ಮೆ, ಒಂದೇ ಸಲ, ಬಿಸಿಲಿಗೆ ಬಿಚ್ಚಿ ಹಿಡಿದೆ. ಕಂದು, ಅಂಚಿನಲ್ಲಿ ಕಪ್ಪು, ನಡುವೆ, ತುಟಿ ಕೂಡುವ ಜಾಗದಲ್ಲಿ, ಕೆಂಪು. ಅಮೋಘಸಿದ್ದಪ್ಪನವರ ಎಲೆಯಡಿಕೆಯ ಕೆಂಪು ಇರಬೇಕು, ಕೊನೆಗೆ ಬಾಯಿಟ್ಟವರು ಅವರೇ, ಎಲೆಯಡಿಕೆಯ ಕೆಂಪಾದರೆ ಅಂಚು ಹಳದಿಯಾಗುತ್ತದೆ, ಇಲ್ಲಿ ಅಂಚು ತಂಬಾಕಿನ ಕಂದಿನಲ್ಲಿ ಕರಗಿದೆ, ಕಾಣುವುದಿಲ್ಲ, ರಕ್ತವಾದರೆ ಒಣಗುತ್ತ ಕಪ್ಪಾಗುತ್ತದೆ, ಇದು ಒಣಗಿಲ್ಲ, ಒದ್ದೆ ಇದೆ, ನಾನು ಬಾಯಿಡುವ ಮೊದಲೇ ಇತ್ತೋ ಇಲ್ಲವೋ, ಕಣ್ಣು ಮುಚ್ಚಿದ್ದೆ, ಅಪ್ಪನ ಬಾಯಿಂದ ಬಂದದ್ದಾದರೆ ನನ್ನ ನಾಲಗೆಗೆ ಬಂದ ಆ ಉಪ್ಪು — ಹೊರಗೆ ಯಾರೋ ಕರೆಯುತ್ತಿದ್ದಾರೆ, ಯಮನಪ್ಪಾ, ಬಾರೋ, ಬೀಗರು ಕರೀತಾರ. ಕೆಂಪು. ಬೆರಳಿನಿಂದ ಮುಟ್ಟಿದೆ, ಬೆರಳಿಗೂ ಹತ್ತಿತು, ಹೊಸಕಿ ನೋಡಿದೆ, ಮೂಸಿ ನೋಡಿದೆ, ತಂಬಾಕಿನದೇ ನಾತ. ಇಷ್ಟು ಅಗಲದ ಕೆಂಪು, ಜೋಳದ ಕಾಳಿನಷ್ಟು, ಬಿಸಿಲಲ್ಲಿ ಒದ್ದೆಯಾಗಿ ಹೊಳೆಯುತ್ತದೆ. ಯಾರ ಬಾಯಿಯದು ಎಂಬುದು ನನಗೆ ಗೊತ್ತಿಲ್ಲ.